ಮಾಪಕಗಳ ಲೆಕ್ಕವೂ ಬೇಕು



ಅಣುಸ್ಥಾವರ ಎಂದೊಡನೆ ರಿಯಾಕ್ಟರಿನ ಮಾತೇ ಆಗುತ್ತದೆ. ವಿಕಿರಣ ಅಳೆಯುವ ಮಾಪಕದ ಗೊಡವೆ ಯಾರಿಗೂ ಇಲ್ಲ. 1986ರ ಏಪ್ರಿಲ್ 26ರ ರಾತ್ರಿ ಚೆರ್ನೋಬಿಲ್‌ನಲ್ಲಿ ಅಣುಸ್ಥಾವರ ದುರಂತ ನಡೆದಾಗ ಸಿಬ್ಬಂದಿಯ ಕೈಗೆ ಸಿಕ್ಕ ಮಾಪಕಗಳ ಮಿತಿಯೇ ಗಂಟೆಗೆ 3.6 ರಾಂಟ್‌ಜನ್. ಮುಳ್ಳು ಕೊನೆಗೆ ಹೋಗಿ ಅಂಟಿಕೊಂಡಿತು. ಅದನ್ನೇ ನಿಜವಾದ ಅಳತೆ ಎಂಬಂತೆ ಮೇಲಿನವರಿಗೆ ವರದಿ ಹೋಯಿತು. ಹೆಚ್ಚು ಅಳೆಯಬಲ್ಲ ಉಪಕರಣವೊಂದು ಚಾಲೂ ಮಾಡುತ್ತಲೇ ಸುಟ್ಟುಹೋಯಿತಂತೆ. 2011ರಲ್ಲಿ ಫುಕುಶಿಮಾ ಅಣುಸ್ಥಾವರದ ದುರಂತದಲ್ಲಿ ಕರೆಂಟೇ ಹೋಗಿ ಸ್ಥಾವರದ ಅಂಚಿನ ಮಾಪನ ಕೇಂದ್ರಗಳು ಸ್ತಬ್ಧವಾದವು. ವಾಹನದಲ್ಲಿ ಮೀಟರ್ ಇಟ್ಟುಕೊಂಡು ಅಳೆಯಬೇಕಾಯಿತು.

ನಮ್ಮ ಕೈಗಾ ಅಣುಸ್ಥಾವರದಲ್ಲೂ ಮಾಪಕಗಳಿವೆ. ಯಂತ್ರ ಎಂದ ಮೇಲೆ ಕೆಡುವುದು ಸಹಜ, ಅದಕ್ಕೆ ತಕರಾರಿಲ್ಲ. ಯಾವುದು ಕೆಟ್ಟಿತ್ತು, ರಿಪೇರಿಗೆ ಎಷ್ಟು ದಿನ ಹಿಡಿಯಿತು, ಅಲ್ಲಿಯವರೆಗೆ ಬದಲಿ ವ್ಯವಸ್ಥೆ ಏನಿತ್ತು ಎಂಬುದನ್ನು ಸುತ್ತಲಿನ ಪಂಚಾಯಿತಿಗಳ ನೋಟಿಸ್ ಬೋರ್ಡಿನಲ್ಲಿ ಕನ್ನಡದಲ್ಲೇ ಹಾಕಲಿ.

– ಓರ್ವ ಓದುಗ, ಕಾರವಾರ