ಕಾನೂನು ಬರೆದ ವಕೀಲ, ಬರೆಸಿದ ರೈತ

ಉಪ್ಪಾರಹಳ್ಳಿ ಇವತ್ತು ತುಮಕೂರು ಪಟ್ಟಣದೊಳಗೆ ಸೇರಿಹೋದ ಊರು. ಹೆಸರಿನಲ್ಲಿ ಮಾತ್ರ ಹಳ್ಳಿ ಉಳಿದಿದೆ. ಗುಬ್ಬಿ, ಕುಣಿಗಲ್ ಕಡೆಯ ರೈತ ಈ ಪಟ್ಟಣಕ್ಕೆ ಬರೋದು ಹೆಚ್ಚಾಗಿ ಎರಡು ಕೆಲಸಕ್ಕೆ. ಒಂದು, ಬೆಳೆದ ಮಾಲು ಮಾರೋದಕ್ಕೆ. ಇನ್ನೊಂದು, ಕಾಗದದ ಗಂಟು ಹಿಡಿದು ಕಚೇರಿ, ಕೋರ್ಟು ಅಲೆಯೋದಕ್ಕೆ. ಕರಿಕೋಟು ಕಂಡರೆ ಅವನಿಗೆ ನಂಬಿಕೆಗಿಂತ ಭಯವೇ ಜಾಸ್ತಿ. ಗೆದ್ದವನು ಸೋತ, ಸೋತವನು ಸತ್ತ ಅನ್ನೋ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಆದರೂ ಕರಿಕೋಟಿನವರಲ್ಲೇ ಒಬ್ಬರನ್ನು ರೈತರು ಮರೆಯಬಾರದು. ಅವರು ಕಡಿದಾಳು ಮಂಜಪ್ಪನವರು.

1908ರಲ್ಲಿ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಹುಟ್ಟಿ, ಕಾನೂನು ಓದಿ, ಮಹಾರಾಜರ ಕಾಲದಲ್ಲಿ ಮಲೆನಾಡಿನಲ್ಲಿ ವಕೀಲಿ ಹಿಡಿದವರು. ಸ್ವಾತಂತ್ರ್ಯ ಚಳವಳಿಯಲ್ಲಿ ದುಡಿದು ರಾಜಕೀಯಕ್ಕೆ ಬಂದರು. ಆ ಕಾಲದ ಗೇಣಿದಾರನ ಪಾಡು ಏನು? ಗೇಣಿ ಮಾತು ಬಾಯಲ್ಲಿ, ಅಳತೆ ಒಡೆಯನ ಕೊಳಗದಲ್ಲಿ, ಕೊಟ್ಟಿದ್ದಕ್ಕೆ ರಶೀದಿ ಇಲ್ಲ. ಕೋರ್ಟು ಕೇಳೋದು ಪತ್ರ. ಅವನ ಹತ್ತಿರ ಇದ್ದದ್ದು ಬೆವರು. ಬೆವರಿಗೆ ಯಾವ ಸಬ್ ರಿಜಿಸ್ಟ್ರಾರ್ ಮೊಹರು ಹಾಕುತ್ತಾನೆ?

ಮಂಜಪ್ಪನವರು ಕೆಂಗಲ್ ಹನುಮಂತಯ್ಯನವರ ಸರ್ಕಾರದಲ್ಲಿ ಕಂದಾಯ ಮಂತ್ರಿಯಾದರು. ಆ ಸರ್ಕಾರದ ಕಾಲದಲ್ಲೇ 1954ರ ಇನಾಂ ರದ್ದತಿ ಕಾಯ್ದೆ, 1955ರಲ್ಲಿ ಧಾರ್ಮಿಕ ಇನಾಂಗಳ ರದ್ದತಿ ಕಾಯ್ದೆ ಬಂದವು. ನಮ್ಮ ಬಯಲುಸೀಮೆಯ ಜೋಡಿ ಗ್ರಾಮಗಳ ಹಿರಿಯರಿಗೆ ಇದರ ಬೆಲೆ ಗೊತ್ತು. ಅಲ್ಲಿಯವರೆಗೆ ಸರ್ಕಾರಕ್ಕೂ ಉಳುವವನಿಗೂ ನಡುವೆ ಜೋಡಿದಾರ ಕೂತಿದ್ದ. ಸರ್ಕಾರಕ್ಕೆ ಚೂರು ಕಟ್ಟಿ, ಒಕ್ಕಲಿನಿಂದ ಬಾಚಿಕೊಳ್ಳುತ್ತಿದ್ದ. ಕಾಯ್ದೆ ಬಂದ ಮೇಲೆ ಖದೀಂ ಒಕ್ಕಲಿನ ಹೆಸರು ಸರ್ಕಾರಿ ಪುಸ್ತಕಕ್ಕೆ ಏರುವ ದಾರಿಯಾಯಿತು. ರಕ್ತ ಸುರಿಯದೆ ಆದ ಕ್ರಾಂತಿ ಇದು. 1956ರ ಆಗಸ್ಟ್ 19ರಿಂದ ಅಕ್ಟೋಬರ್ 31ರವರೆಗೆ, ಎರಡೂವರೆ ತಿಂಗಳು, ಮಂಜಪ್ಪನವರು ಮುಖ್ಯಮಂತ್ರಿಯೂ ಆಗಿದ್ದರು.

ಆದರೆ ಒಳ್ಳೆ ಮಂತ್ರಿ ಬಂದ, ಒಳ್ಳೆ ಕಾನೂನು ತಂದ ಅಂತ ಕಥೆ ಮುಗಿಸಿದರೆ ಅರ್ಧ ಸತ್ಯ ಹೇಳಿದಂತೆ. ಆ ಕಾಯ್ದೆಗಳಿಗೆ ಮುಂಚೆ, 1951ರ ಏಪ್ರಿಲ್‌ನಲ್ಲಿ, ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಎದ್ದು ನಿಂತಿದ್ದರು. ಗೇಣಿ ಅಳೆಯುವ ಕೊಳಗ ದೊಡ್ಡದು, ಅಳತೆ ಸರಿಯಾಗಲಿ ಅನ್ನೋದೇ ಅವರ ಕೂಗು. ಅವರನ್ನು ಜೈಲಿಗೆ ತಳ್ಳಿದ್ದು ಮಂಜಪ್ಪನವರ ಪಕ್ಷದ್ದೇ ಸರ್ಕಾರ. ಸಮಾಜವಾದಿಗಳು ಜೊತೆಗೆ ನಿಂತರು; ಲೋಹಿಯಾ ಬಂದು ಸೆರೆಯಾದರು. ಗೇಣಿದಾರನ ಮಾತು ವಿಧಾನಸಭೆಯ ಬಾಗಿಲು ತಟ್ಟಿದ್ದು ಹೀಗೆ. ಬರೆಯುವ ಕೈ ವಕೀಲನದು, ಬರೆಸಿದ ಕೈ ರೈತನದು.

ಬರೆಸುವ ಕೈ ಸಡಿಲವಾದಾಗ ಏನಾಯಿತು? 1961ರ ಭೂಸುಧಾರಣಾ ಕಾಯ್ದೆ ಜಾರಿಯಾಗಲು 1965 ಬರಬೇಕಾಯಿತು. ಅದರಲ್ಲೂ ಸ್ವಂತ ಸಾಗುವಳಿ ಅನ್ನೋ ಕಿಂಡಿ ಬಿಟ್ಟಿದ್ದರು. ಒಡೆಯರು ಅದರಲ್ಲೇ ನುಸುಳಿದರು. ದೇವರಾಜ ಅರಸರ ಸರ್ಕಾರದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಮೇಲೆಯೇ ಗೇಣಿ ಜಮೀನು ಉಳುವವನ ಕೈಗೆ ಬರುವ ಗಟ್ಟಿ ದಾರಿಯಾಯಿತು. ಫಾರಂ 7 ತುಂಬಿ ಭೂ ನ್ಯಾಯಮಂಡಳಿ ಮುಂದೆ ನಿಂತರೆ ಸಾಕು. ಅಲ್ಲಿ ವಕೀಲರಿಗೆ ಪ್ರವೇಶವಿಲ್ಲ ಎಂದೂ ಕಾಯ್ದೆ ಹೇಳಿತು. ಫೀಸು ಕೊಡಲಾರದ ಗೇಣಿದಾರ ವಕೀಲರ ಮುಂದೆ ಸೋಲಬಾರದು ಅಂತ ತಾನೇ? ಒಬ್ಬ ವಕೀಲರು ಮಂತ್ರಿಯಾಗಿ ಶುರು ಮಾಡಿದ ಕೆಲಸ ಮುಂದುವರಿಯಲು ವಕೀಲರನ್ನೇ ಹೊರಗಿಡಬೇಕಾಯಿತು ನೋಡಿ! ಆ ಕಲಂ ನಿಲ್ಲದು ಎಂದು 1987ರಲ್ಲಿ ಸುಪ್ರೀಂ ಕೋರ್ಟು ಹೇಳಿತು.

ಮಂಜಪ್ಪನವರು ತಮ್ಮ ಆತ್ಮಕಥೆಗೆ ಇಟ್ಟ ಹೆಸರು ‘ನನಸಾಗದ ಕನಸು’. 1992ರಲ್ಲಿ ತೀರಿಕೊಂಡರು. ರೈತನ ಮಟ್ಟಿಗೆ ಆ ಹೆಸರು ಇಂದಿಗೂ ನಿಜವೇ. ಭೂಮಿ ಬಂತು, ಬೆಲೆ ಬರಲಿಲ್ಲ. ಒಡೆಯನ ಕೊಳಗ ಹೋಯಿತು, ಮಂಡಿಯ ತಕ್ಕಡಿ ಬಂತು. 2023ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 11,750 ರೂಪಾಯಿ ಬೆಂಬಲ ಬೆಲೆ ಅಂತ ಕೇಂದ್ರ ಸಾರಿತು. ತಿಪಟೂರಿನ ಮಾರುಕಟ್ಟೆಯಲ್ಲಿ ಧಾರಣೆ ಅದಕ್ಕಿಂತ ಎಷ್ಟೋ ಕೆಳಗೆ ಬಿತ್ತು. ಯಾಕಪ್ಪಾ ಕಡಿಮೆಗೆ ಕೊಳ್ತೀಯಾ ಅಂತ ವರ್ತಕನನ್ನು ಕೇಳುವ ಕಾನೂನು ಎಲ್ಲಿದೆ? ಬೆಂಬಲ ಬೆಲೆ ಸರ್ಕಾರದ ಮಾತು ಅಷ್ಟೆ, ರೈತನ ಹಕ್ಕಲ್ಲ. ಬಾಯಿ ಮಾತಿನ ಗೇಣಿಗೂ ಇದಕ್ಕೂ ಏನು ವ್ಯತ್ಯಾಸ?

ಇನ್ನೊಂದು ಕಡೆ, ಕೃಷಿಕರಲ್ಲದವರು ಜಮೀನು ಕೊಳ್ಳದಂತೆ ತಡೆದಿದ್ದ 79ಎ, 79ಬಿ ಕಲಂಗಳನ್ನು 2020ರಲ್ಲಿ ಕಿತ್ತುಹಾಕಿದರು. ಬೆಲೆ ಸಿಗದವನು ಸಾಲಕ್ಕೆ ಬೀಳುತ್ತಾನೆ, ಸಾಲಕ್ಕೆ ಬಿದ್ದವನು ಜಮೀನು ಮಾರುತ್ತಾನೆ. ಕೊಳ್ಳುವವನಿಗೆ ಬಾಗಿಲು ತೆರೆದಿದೆ. ಎರಡು ತಲೆಮಾರು ಕಷ್ಟಪಟ್ಟು ಪಹಣಿಗೆ ಏರಿಸಿದ ಹೆಸರು ಒಂದೇ ಕ್ರಯಪತ್ರದಲ್ಲಿ ಇಳಿದುಹೋಗುತ್ತದೆ.

ರೈತ ಬಂಧುಗಳೇ, ಮಂಜಪ್ಪನವರಂಥ ಇನ್ನೊಬ್ಬ ವಕೀಲ ಹುಟ್ಟಿ ಬರಲಿ ಅಂತ ಕಾಯುತ್ತಾ ಕೂರಬೇಡಿ. ಓದಿದ ಮಕ್ಕಳು ನಿಮ್ಮ ಮನೆಯಲ್ಲೇ ಇದ್ದಾರೆ. ಕಾನೂನು ಓದಿದವರೂ ಇದ್ದಾರೆ. ಬೆಂಬಲ ಬೆಲೆಗಿಂತ ಕೆಳಗೆ ಕೊಳ್ಳುವುದು ತಪ್ಪು ಎಂದು ಕಾಯ್ದೆ ಬರೆಯುವ ಕೆಲಸ ಅವರಿಗೆ ಕೊಡಿ. ಬರೆಸುವ ಕೆಲಸ ನಿಮ್ಮದು. ಕಾಗೋಡಿನವರು ಕೇಳಿದ್ದು ಸರಿಯಾದ ಕೊಳಗ. ನಾವು ಕೇಳಬೇಕಾದ್ದು ಸರಿಯಾದ ಬೆಲೆ.