ಕುದುರೆ ಗಾಯಕ್ಕೆ ಬೇವಿನೆಣ್ಣೆ ಒಂದೇ ಸಾಲದು

ಕೂಡ್ಲಿಗಿ, ಹರಪನಹಳ್ಳಿ ಕಡೆ ಸುಗ್ಗಿ ಮುಗಿದ ಹೊಲಕ್ಕೆ ಬರುವ ಕುರಿಹಿಂಡಿನ ಜೊತೆ ಕೆಲವೊಮ್ಮೆ ಕುದುರೆಯೂ ಇರುತ್ತದೆ. ಬಲೆ, ಪಾತ್ರೆ, ಹಾಸಿಗೆಯ ಹೇರೆಲ್ಲ ಅದರ ಬೆನ್ನಿಗೆ.

ಅದರ ಆರೈಕೆಗೆ ಹೆಚ್ಚು ದುಡ್ಡು ಬೇಡ. ಹೇರಿನ ಕೆಳಗೆ ಹಳೇ ಕಂಬಳಿಯನ್ನು ಸುಕ್ಕಿಲ್ಲದಂತೆ ಹಾಸಿದರೆ ಬೆನ್ನು ಹುಣ್ಣಾಗುವುದು ತಪ್ಪುತ್ತದೆ. ಸಂಜೆ ಗೊರಸು ಎತ್ತಿ ಕಲ್ಲು ತೆಗೆಯಿರಿ. ತರಚು ಗಾಯವನ್ನು ಕಾಯಿಸಿ ಆರಿಸಿದ ಉಪ್ಪುನೀರಲ್ಲಿ ತೊಳೆದು, ಸುತ್ತ ಬೇವಿನೆಣ್ಣೆ ಸವರಿದರೆ ನೊಣ ಕಡಿಮೆ.

ಆದರೆ ಮೊಳೆ, ಜಾಲಿಮುಳ್ಳು ಆಳಕ್ಕೆ ಚುಚ್ಚಿದರೆ ಮನೆಮದ್ದು ನೆಚ್ಚಬೇಡಿ. ಧನುರ್ವಾಯು ಕುರಿ, ದನಕ್ಕಿಂತ ಕುದುರೆಗೆ ಬೇಗ ತಗಲುತ್ತದೆ. ದವಡೆ ಬಿಗಿದ ಮೇಲೆ ಉಳಿಯುವುದು ಕಷ್ಟ. ತಡಮಾಡದೆ 1962ಕ್ಕೆ ಫೋನ್ ಮಾಡಿ, ಇಲ್ಲವೇ ಪಶು ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಹಾಕಿಸಿ.

ಕುರಿಗೆ ಲಸಿಕೆ ಹಾಕಲು ಬಂದ ಡಾಕ್ಟರಿಗೆ ‘ನಮ್ಮ ಕುದುರೆಗೂ ಹಾಕಿ ಸಾರ್’ ಎಂದು ನಾವು ಕೇಳಬೇಕು. ಹಿಂಡಿನ ಲೆಕ್ಕದಲ್ಲಿ ಕುದುರೆಯನ್ನು ಇಲಾಖೆಯೂ ಮರೆಯಬಾರದು.