ಇಂಗಾಲದ ಲೆಕ್ಕ: ಕಡಿತವೋ, ವರ್ಗಾವಣೆಯೋ?

ಮುಂಬಯಿ ಕನ್ನಡಿಗರಿಗೆ ಲೆಕ್ಕದ ಪುಸ್ತಕ ಹೊಸತಲ್ಲ. ಹೋಟೆಲಿನ ಗಲ್ಲಾದಲ್ಲಿ ಕುಳಿತು, ರಾತ್ರಿ ಜಮಾಖರ್ಚು ಬರೆದು ಬದುಕು ಕಟ್ಟಿಕೊಂಡವರು ನಮ್ಮಲ್ಲಿ ಅನೇಕರು. ಇಂದು ಉದ್ಯಮಗಳು ಬರೆಯಬೇಕಾದ ಇನ್ನೊಂದು ಲೆಕ್ಕವಿದೆ. ಅದು ತಮ್ಮ ವ್ಯವಹಾರದಿಂದ ವಾಯುಮಂಡಲವನ್ನು ಸೇರುವ ಇಂಗಾಲದ ಲೆಕ್ಕ. ಇದೇ ನಗರದಲ್ಲಿ ಕೇಂದ್ರ ಕಚೇರಿಯುಳ್ಳ ಸೆಬಿ, ಷೇರು ಪೇಟೆಯ ಅಗ್ರ 1000 ಕಂಪನಿಗಳಿಗೆ ಈ ವಿವರವನ್ನೂ ಒಳಗೊಂಡ ವರದಿಯನ್ನು 2022-23ರ ಆರ್ಥಿಕ ವರ್ಷದಿಂದ ಕಡ್ಡಾಯಗೊಳಿಸಿತು.

ಈ ಲೆಕ್ಕಕ್ಕೆ ಮೂರು ವ್ಯಾಪ್ತಿಗಳು. ಹೋಟೆಲನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ. ಒಲೆಯಲ್ಲಿ ಉರಿಯುವ ಅನಿಲ ಮೊದಲನೆಯದು. ಕೊಂಡು ಬಳಸುವ ವಿದ್ಯುತ್ತು ಎರಡನೆಯದು. ಕಲ್ಲಿದ್ದಲನ್ನೇ ಹೆಚ್ಚಾಗಿ ನೆಚ್ಚಿರುವ ನಮ್ಮ ದೇಶದಲ್ಲಿ ಒಂದು ಯೂನಿಟ್ಟು ವಿದ್ಯುತ್ತಿನ ಹಿಂದೆ ಸರಾಸರಿ ಸುಮಾರು 0.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಇರುತ್ತದೆ. ಕೊಂಡು ತರುವ ಅಕ್ಕಿ, ಹಾಲು, ಅವುಗಳ ಸಾಗಾಟ, ಎಸೆಯುವ ಕಸ ಇವೆಲ್ಲ ಮೂರನೆಯದು. ನೀರು ನಿಂತ ಭತ್ತದ ಗದ್ದೆಯಿಂದಲೂ ದನಗಳ ಜೀರ್ಣಕ್ರಿಯೆಯಿಂದಲೂ ಹೊರಡುವ ಮೀಥೇನ್ ಈ ಮೂರನೆಯ ವ್ಯಾಪ್ತಿಗೆ ಸೇರುತ್ತದೆ.

ನನ್ನ ಆಕ್ಷೇಪವಿರುವುದು ಇಲ್ಲಿಯೇ. ಮೊದಲೆರಡು ವ್ಯಾಪ್ತಿಗಳ ವಿವರವನ್ನು ಅವಶ್ಯವೆಂದ ಸೆಬಿಯ ನಮೂನೆ, ಮೂರನೆಯದನ್ನು ಕಂಪನಿಗಳ ಇಚ್ಛೆಗೆ ಬಿಟ್ಟಿತು. ರುಬ್ಬುವ ಯಂತ್ರವನ್ನು ನಿಲ್ಲಿಸಿ ಹಿಟ್ಟನ್ನು ಹೊರಗಿನಿಂದ ತರಿಸಿದ ಹೋಟೆಲಿನ ಲೆಕ್ಕ ಆಗ ಇಳಿಯುತ್ತದೆ. ಯಂತ್ರ ಮಾತ್ರ ಪಕ್ಕದ ಬೀದಿಯಲ್ಲಿ ತಿರುಗುತ್ತಲೇ ಇರುತ್ತದೆ. ಇದು ಕಡಿತವಲ್ಲ, ವರ್ಗಾವಣೆ. ದೊಡ್ಡ ಕಾರ್ಖಾನೆಗಳು ಕೆಲಸವನ್ನು ಸಣ್ಣ ಘಟಕಗಳಿಗೆ ವಹಿಸಿದಾಗ ಆಗುವುದೂ ಇದೇ.

ಸಣ್ಣ ಪೂರೈಕೆದಾರನ ಮೇಲೆ ಈ ಹೊರೆಯನ್ನು ಹೊರಿಸುವುದು ಅನ್ಯಾಯವಲ್ಲವೇ ಎಂಬ ಪ್ರಶ್ನೆ ಸಹಜ. ಆದುದರಿಂದಲೇ ಅಳತೆಯ ವೆಚ್ಚವನ್ನು ಅವನಿಂದ ಕೊಳ್ಳುವ ದೊಡ್ಡ ಕಂಪನಿ ಭರಿಸಬೇಕು. ವಿದ್ಯುತ್ ಬಿಲ್ಲು, ಸಿಲಿಂಡರುಗಳ ಸಂಖ್ಯೆ, ಡೀಸೆಲ್ ರಸೀತಿ ಇಷ್ಟರಿಂದ ಲೆಕ್ಕವನ್ನು ಆರಂಭಿಸಲು ಸಾಧ್ಯ. ಪ್ರಶ್ನೆಗಳು ಅವನಿಗೆ ತಿಳಿಯುವ ಭಾಷೆಯಲ್ಲಿರಬೇಕು, ಅಷ್ಟೆ.

ಕನ್ನಡ ವಿಭಾಗಗಳ ಹೊಣೆಯೂ ಇಲ್ಲಿದೆ. ‘ಇಂಗಾಲದ ಹೆಜ್ಜೆಗುರುತು’ ಎಂಬ ಸೊಗಸಾದ ಪದವನ್ನು ಪಡೆದು ನಾವು ತೃಪ್ತರಾಗಿದ್ದೇವೆ. ಆದರೆ ಹೆಜ್ಜೆ ಯಾರದು, ಅದನ್ನು ಯಾರ ಖಾತೆಗೆ ಬರೆಯಲಾಗಿದೆ ಎಂದು ಕೇಳಬಲ್ಲ ಗದ್ಯವನ್ನೂ ನಾವು ರೂಪಿಸಬೇಕಾಗಿದೆ.